ತೇನ್‌ಮೊಳಿಯ ನಾಲ್ಕು ಕಿಲೋಮೀಟರ್

ತಮಿಳುನಾಡಿನ ಬೋಡಿನಾಯಕನೂರಿನ ಒಂದು ಏಲಕ್ಕಿ ಗೋಡೌನಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಮೂಟೆ ಬಿಚ್ಚಿ ಹೆಂಗಸರಿಗೆ ಕಾಯಿ ಹಂಚುತ್ತಾರೆ. ಹಂಚಿ ಮುಗಿಯಲು ಹತ್ತು ನಿಮಿಷ ಸಾಕು. ಆಮೇಲೆ ಬಂದವಳು ಎಷ್ಟೇ ಹಳಬಳಾಗಿರಲಿ, ಅವಳಿಗೆ ಆಯಲು ಕಾಯಿ ಇರುವುದಿಲ್ಲ, ಮನೆಗೆ ವಾಪಸು. ತಿಂಗಳಲ್ಲಿ ಮೂರು ಸಲ ಹೀಗಾದರೆ ಸಾಲಿನಲ್ಲಿ ಅವಳ ಜಾಗವೂ ಇರುವುದಿಲ್ಲ.

ತೇನ್‌ಮೊಳಿಗೆ ಆ ಜಾಗ ಎರಡನೇ ಸಲ ಸಿಕ್ಕಿತ್ತು. ಮೊದಲ ಸಲ ಒಂಬತ್ತು ವರ್ಷ ಕೂತಿದ್ದಳು. ಆಗ ಗೋಡೌನಿನಲ್ಲಿ ನಲವತ್ತು ಹೆಂಗಸರು. ಅತ್ತೆ ವೆಳ್ಳೈಯಮ್ಮಾಳ್ ಕೊಟ್ಟಿಗೆಯಲ್ಲಿ ಜಾರಿ ಸೊಂಟ ಮುರಿದುಕೊಂಡ ದಿನ ಅವಳ ಕೆಲಸ ನಿಂತಿತು. ಬಿಡು ಎಂದು ಯಾರೂ ಹೇಳಲಿಲ್ಲ. ಗಂಡ ತಂಗರಾಜ್ ಆಸ್ಪತ್ರೆಯಿಂದ ತಾಯಿಯನ್ನು ಕರೆತಂದು ಮಂಚದ ಮೇಲೆ ಮಲಗಿಸಿ, ಹೆಂಡತಿಯ ಮುಖವನ್ನು ಒಮ್ಮೆ ನೋಡಿ, ಜೀಪಿನ ಕೀ ಎತ್ತಿಕೊಂಡು ಹೋದ. ಅಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು. ಮುಂದಿನ ನಾಲ್ಕು ವರ್ಷ ಅವಳು ಊರು ಬಿಟ್ಟು ಪೇಟೆಗೆ ಹೋದದ್ದೆಲ್ಲ ಔಷಧಿಗೆ.

ಆ ನಾಲ್ಕು ವರ್ಷದಲ್ಲಿ ಗೋಡೌನಿಗೆ ಕಾಯಿಯ ಬಣ್ಣ ನೋಡಿ ಬೇರೆ ಮಾಡುವ ಮಿಷಿನ್ ಬಂತು. ನಲವತ್ತು ಹೆಂಗಸರು ಹೋಗಿ ಹನ್ನೆರಡು ಮಂದಿ ಉಳಿದರು. ಹುಳ ಕೊರೆದ ಸೂಜಿಮೊನೆಯಷ್ಟು ತೂತು, ಕೂದಲೆಳೆಯಷ್ಟು ಬಿರುಕು, ಮಿಷಿನ್ನಿನ ಕಣ್ಣಿಗೆ ಬೀಳದ ಇಂಥವುಗಳಿಗೆ ಇನ್ನೂ ಹೆಂಗಸರ ಬೆರಳು ಬೇಕಿತ್ತು. ಆ ಹನ್ನೆರಡರಲ್ಲಿ ಒಬ್ಬಳು ಮಗಳ ಬಾಣಂತನಕ್ಕೆ ತಿರುಪ್ಪೂರಿಗೆ ಹೋದವಳು ವಾಪಸು ಬರಲಿಲ್ಲ. ಹಳೆಯ ಗೆಳತಿ ಪೇಚ್ಚಿಯಮ್ಮಾಳ್ ಮೇಸ್ತ್ರಿ ಗೋವಿಂದನ್ ಹತ್ತಿರ ಮಾತಾಡಿ ತೇನ್‌ಮೊಳಿಯನ್ನು ಕರೆಸಿದಳು.

ಗೋವಿಂದನ್ ಕೆಟ್ಟವನಲ್ಲ. ತಮಿಳಿನಲ್ಲಿ ನೇರವಾಗಿಯೇ ಹೇಳಿದ: "ನೋಡಮ್ಮಾ, ನಿನ್ನ ಕೈ ನನಗೆ ಗೊತ್ತು. ಬಾ, ಕೂತ್ಕೋ. ಆದರೆ ಇನ್ನು ಹೊಸಬರನ್ನ ಸೇರಿಸಬೇಡ ಅಂತ ನಮ್ಮ ಗೋಡೌನ್ ಮೊದಲಾಳಿ ಹೇಳಿಬಿಟ್ಟಿದ್ದಾರೆ. ನೀನು ಎದ್ದು ಹೋದರೆ ಆ ಜಾಗದಲ್ಲಿ ಯಾರೂ ಕೂರಲ್ಲ. ಜಾಗಾನೇ ಎತ್ತಿಬಿಡ್ತಾರೆ."

"ಏಳಲ್ಲ ಅಣ್ಣೇ," ಅಂದಳು ತೇನ್‌ಮೊಳಿ.

ಅವಳಿಗೆ ಆ ಜಾಗ ಯಾಕೆ ಬೇಕಿತ್ತು ಎಂದು ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ತಂಗರಾಜ್ ಘಟ್ಟದ ಮೇಲಿನ ಕೇರಳದ ತೋಟಗಳಿಗೆ ಕೂಲಿಯವರನ್ನು ಕರೆದೊಯ್ಯುವ ಜೀಪು ಓಡಿಸುತ್ತಿದ್ದ. ಮನೆ ನಡೆಯುತ್ತಿತ್ತು. ಮಗಳು ಯುವಶ್ರೀ ತೇನಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. "ನಿಂಗೆ ಏನ್ ಕೊರೆ?" ಎಂದು ಅವನು ಕೇಳಿದ. ಗೋಡೌನಿನಲ್ಲಿ ಕೂತು ಮಾಡುವ ಕೆಲಸ. ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಸಾಯಂಕಾಲ ಐದರವರೆಗೆ ಕೂರುವುದು. ಹನ್ನೊಂದು ಗಂಟೆಗೆ ಬೇರೆ ಯಾರೋ ಕಾಸಿದ ಚಹಾ ಕೈಗೆ ಬರುತ್ತದೆ. ಅದನ್ನು ಕುಡಿದ ಲೋಟವನ್ನು ಅವಳು ತೊಳೆಯಬೇಕಾಗಿಲ್ಲ. ಇದನ್ನು ಗಂಡನಿಗೆ ಹೇಗೆ ಹೇಳುವುದು? ನಕ್ಕುಬಿಡುತ್ತಾನೆ.

ವೆಳ್ಳೈಯಮ್ಮಾಳ್ ಈಗ ಕೋಲು ಹಿಡಿದು ಬಚ್ಚಲಿಗೆ ಹೋಗಿಬರುವಷ್ಟಾಗಿದ್ದಳು. ಮಧ್ಯಾಹ್ನದ ಊಟ ಮುಚ್ಚಿಟ್ಟರೆ ಬಡಿಸಿಕೊಳ್ಳುತ್ತಿದ್ದಳು. ಆದ್ದರಿಂದ ಹೋಗು ಎಂದೂ ಹೇಳದೆ ಬೇಡ ಎಂದೂ ಹೇಳದೆ, "ನಿನ್ ಇಷ್ಟ" ಎಂದಳು. ಆ ಮನೆಯಲ್ಲಿ ಅಷ್ಟು ಸಿಕ್ಕರೆ ದೊಡ್ಡದು.

ಉಳಿದದ್ದು ಗಡಿಯಾರದ ಪ್ರಶ್ನೆ. ತೇನ್‌ಮೊಳಿ ಏಳುತ್ತಿದ್ದುದು ನಾಲ್ಕಕ್ಕೆ. ಐದೂವರೆಗೆ ಜೀಪು ಹತ್ತುವ ಗಂಡನಿಗೆ ಬೆಳಗಿನ ತಿಂಡಿ, ಮಧ್ಯಾಹ್ನದ ಬುತ್ತಿ. ಎರಡು ಹಸು ಕರೆದು, ಸಗಣಿ ಬಾಚಿ, ಆರಕ್ಕೆ ಹಾಲಿನವನಿಗೆ ಹಾಕಬೇಕು. ಆರೂವರೆಗೆ ಬೀದಿಯ ನಲ್ಲಿಯಲ್ಲಿ ನೀರು; ಹದಿನಾಲ್ಕು ಕೊಡ. ಆಮೇಲೆ ಅತ್ತೆಯ ಸೊಂಟಕ್ಕೂ ಕಾಲಿಗೂ ನೀಲಗಿರಿ ತೈಲ ತಿಕ್ಕಿ, ಬಿಸಿನೀರು ಹಾಕಿ, ಇಡ್ಲಿ ಕೊಟ್ಟು, ಮಾತ್ರೆ ಕೊಟ್ಟು, ಹುಲ್ಲು ಹಾಕಿ ನೋಡಿದರೆ ಏಳೂವರೆ. ಎಷ್ಟು ಓಡಾಡಿದರೂ ಏಳೂವರೆಯೇ. ಊರಿನಿಂದ ಗೋಡೌನಿರುವ ಪೇಟೆಗೆ ಮಿನಿ ಬಸ್ಸು ಹೊರಡುತ್ತಿದ್ದುದು ಎಂಟಕ್ಕೆ. ನಡೆದರೆ ಐವತ್ತು ನಿಮಿಷ. ನಾಲ್ಕು ಕಿಲೋಮೀಟರ್ ದಾರಿಗೆ ಅವಳ ಹತ್ತಿರ ಇದ್ದುದು ಅರ್ಧ ಗಂಟೆ.

ಸೈಕಲ್ಲಿನ ಮಾತು ತೆಗೆದವಳು ಯುವಶ್ರೀ. ಫೋನಿನಲ್ಲಿ ಅರ್ಧ ತಮಿಳು ಅರ್ಧ ಮನೆಮಾತಾದ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ನೀನ್ ಚಿಕ್ಕೋಳಿದ್ದಾಗ ಓಡಿಸ್ತಿದ್ದೆ ಅಲ್ವಾ? ಅದು ಮರೆಯಲ್ಲಮ್ಮಾ. ಬ್ಯಾಲೆನ್ಸ್ ಬಾಡಿಯಲ್ಲೇ ಇರುತ್ತೆ."

ನಿಜ. ತವರೂರು ಕಾಮಯಗೌಂಡನ್‌ಪಟ್ಟಿಯಲ್ಲಿ ಹದಿನಾರು ವರ್ಷದ ತೇನ್‌ಮೊಳಿ ದ್ರಾಕ್ಷಿ ತೋಟಕ್ಕೆ ಅಪ್ಪನ ಬುತ್ತಿ ಹೊತ್ತು ಸೈಕಲ್ ತುಳಿಯುತ್ತಿದ್ದಳು. ಹದಿನೆಂಟಕ್ಕೆ ಮದುವೆಯಾಯಿತು. ಈಗ ನಲವತ್ತನಾಲ್ಕು. ನಡುವಿನ ಇಪ್ಪತ್ತಾರು ವರ್ಷ ಅವಳು ಯಾವ ಹ್ಯಾಂಡಲನ್ನೂ ಮುಟ್ಟಿರಲಿಲ್ಲ.

ಯುವಶ್ರೀಗೆ ಹನ್ನೊಂದನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದ ಹೆಣ್ಣುಮಕ್ಕಳ ಸೈಕಲ್ ತಂಗರಾಜನ ಅಕ್ಕನ ಮನೆಗೆ ಹೋಗಿ ಎರಡು ವರ್ಷವಾಗಿತ್ತು. ವಾಪಸು ಕೇಳಿದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ ಎಂದ ತಂಗರಾಜ್. ಉಳಿದದ್ದು ಅವನ ತಮ್ಮ ರಾಜ್‌ಕುಮಾರನ ಹಳೆಯ ಸೈಕಲ್. ಅದೂ ಸರ್ಕಾರದ್ದೇ, ಹುಡುಗರದು, ನಡುವೆ ಅಡ್ಡ ಕಂಬಿ ಇರುವುದು. ಆರಡಿ ಆಳು ರಾಜ್‌ಕುಮಾರ್ ಕೊಡೈಕಾನಲಿನ ಹೋಟೆಲಿಗೆ ಕೆಲಸಕ್ಕೆ ಸೇರಿದ ಮೇಲೆ ಅದು ಕೊಟ್ಟಿಗೆಯ ಹಿಂದೆ ಒರಗಿತ್ತು. ಸೀಟನ್ನು ಅವನ ಕಾಲಿಗೆ ತಕ್ಕಂತೆ ತುದಿಗೆ ಎತ್ತಿ ಬಿಗಿದಿದ್ದರು. ಬೋಲ್ಟು ತುಕ್ಕು ಹಿಡಿದು ಕಂಬಕ್ಕೇ ಕಚ್ಚಿಕೊಂಡಿತ್ತು. ತೇನ್‌ಮೊಳಿ ನಾಲ್ಕಡಿ ಹತ್ತಂಗುಲ.

ಮೊದಲ ಭಾನುವಾರ ಹೊಲದ ದಾರಿಯಲ್ಲಿ ನೂಕಿಕೊಂಡು ಹೋಗಿ ಒಂದು ಮೋರಿಯ ಕಟ್ಟೆಯ ಮೇಲೆ ನಿಂತು ಹತ್ತಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಳಗೆ ಮಗಳ ಹಳೆಯ ಚೂಡಿದಾರ ಪ್ಯಾಂಟು, ಮೇಲೆ ಗಂಡನ ಅಂಗಿ. ಯುವಶ್ರೀ ಹೇಳಿದ್ದು ಸುಳ್ಳಲ್ಲ, ಮೈ ಮರೆತಿರಲಿಲ್ಲ. ಎರಡು ಸಲ ವಾಲಿ ಮೂರನೇ ಸಲಕ್ಕೆ ಗಾಲಿ ನೇರವಾಯಿತು. ಆದರೆ ಪೆಡಲು ಕೆಳಗೆ ಹೋದಾಗ ಕಾಲು ಮುಟ್ಟುತ್ತಿರಲಿಲ್ಲ. ಬೆರಳ ತುದಿಯಲ್ಲಿ ನೂಕಿ, ಅದು ತಾನೇ ಮೇಲೆ ಬರುವವರೆಗೆ ಕಾಯಬೇಕು. ಒಂದು ಸುತ್ತಿಗೆ ಸೊಂಟ ಎಡಕ್ಕೆ, ಒಂದು ಸುತ್ತಿಗೆ ಬಲಕ್ಕೆ. ಇಳಿಯಬೇಕಾದರೆ ಪಕ್ಕದಲ್ಲಿ ಕಲ್ಲೋ ಕಟ್ಟೆಯೋ ಇರಲೇಬೇಕು, ಇಲ್ಲದಿದ್ದರೆ ಬೀಳಬೇಕು.

ಹೀಗಾಗಿ ನಾಲ್ಕು ಕಿಲೋಮೀಟರಿನಲ್ಲಿ ಅವಳು ನಿಲ್ಲಬಹುದಾದ ಜಾಗಗಳು ಮೂರೇ: ಮೋರಿಯ ಕಟ್ಟೆ, ಅಮ್ಮನ ಗುಡಿಯ ಮೆಟ್ಟಿಲು, ಗೋಡೌನಿನ ಮುಂದೆ ಮೂಟೆ ಇಳಿಸುವ ಜಗುಲಿ. ನಡುವೆ ಯಾರು ಕರೆದರೂ ನಿಲ್ಲುತ್ತಿರಲಿಲ್ಲ. "ಏನ್ ತೇನು, ಅಷ್ಟ್ ದೊಡ್ ಆಳಾಗ್ಬುಟ್ಯಾ? ಕೂಗಿದ್ರೂ ತಿರುಗಲ್ಲ!" ಎಂದು ಊರಿನ ಹೆಂಗಸರು ಹಂಗಿಸಿದರು. ತಿರುಗಿದರೆ ಬೀಳುತ್ತೇನೆ ಎಂದು ಎಷ್ಟು ಜನಕ್ಕೆ ಹೇಳುವುದು?

ಹೋಗುವಾಗ ಇಳಿಜಾರು. ಹದಿನೆಂಟು ನಿಮಿಷದಲ್ಲಿ ತಲುಪುತ್ತಿದ್ದಳು. ಮೊದಲ ದಿನ ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಜಗುಲಿಗೆ ಕಾಲೂರಿದಳು. ಪೇಚ್ಚಿಯಮ್ಮಾಳ್ ಬಾಯಿ ತೆರೆದು ನಿಂತಳು.

"ಅಡಿಯೇ! ಇದೇನೇ, ಕುದುರೆ ಮೇಲೆ ಬಂದ ಹಾಗೆ ಬರ್ತಿದೀಯ?"

"ಕುದುರೆ ಆದ್ರೆ ಬಗ್ಗುತ್ತಕ್ಕಾ. ಇದು ಬಗ್ಗಲ್ಲ."

ಅಂದು ಹನ್ನೊಂದರ ಚಹಾ ಕುಡಿಯುವಾಗ ತೇನ್‌ಮೊಳಿಯ ತೊಡೆಯ ಸಂದಿ ಉರಿಯುತ್ತಿತ್ತು. ಆದರೂ ಎದುರಿನ ಗೋಡೆ ನೋಡುತ್ತಾ ಆ ಚಹಾವನ್ನು ಆರುವವರೆಗೂ ಕುಡಿದಳು.

ಆಯುವವರಿಗೆ ಗೋಡೌನಿನಲ್ಲಿ ಒಂದು ಕಟ್ಟುನಿಟ್ಟಿತ್ತು. ತಲೆಗೆ ಮಲ್ಲಿಗೆ ಇಲ್ಲ. ಮುಖಕ್ಕೆ ಪೌಡರ್ ಇಲ್ಲ. ಮೈಗೆ ಬಾಮು, ತೈಲ ಯಾವುದೂ ಕೂಡದು. ಏಲಕ್ಕಿ ತನ್ನ ವಾಸನೆಯನ್ನು ಎಷ್ಟು ಕೊಡುತ್ತದೋ ಪಕ್ಕದ್ದರ ವಾಸನೆಯನ್ನು ಅಷ್ಟೇ ಕುಡಿಯುತ್ತದೆ. ಹರಾಜಿಗೆ ಬಂದ ವ್ಯಾಪಾರಿ ಒಂದು ಕಾಯಿ ಕಚ್ಚಿ ಮೂಗು ಮುರಿದರೆ ಇಡೀ ಮೂಟೆ ಪಕ್ಕಕ್ಕೆ ಹೋಗುತ್ತದೆ, ವಾಸನೆ ತಂದವಳ ಜಾಗವೂ ಅಂದೇ ಹೋಗುತ್ತದೆ. ಅತ್ತೆಗೆ ತೈಲ ತಿಕ್ಕಿದ ಮೇಲೆ ತೇನ್‌ಮೊಳಿ ಮೊಣಕೈವರೆಗೂ ಸೀಗೆಪುಡಿ ಹಚ್ಚಿ, ಹುಣಸೆಹಣ್ಣಿನಲ್ಲಿ ಉಜ್ಜಿ, ಕೈ ಮೂಸಿ ನೋಡಿಯೇ ಹೊರಡುತ್ತಿದ್ದಳು. ಹಳೆಯ ಒಂಬತ್ತು ವರ್ಷದಲ್ಲೂ ಅವಳು ಆ ಕಟ್ಟು ತಪ್ಪಿರಲಿಲ್ಲ.

ಎರಡು ವಾರಕ್ಕೆ ಮೊಣಕಾಲ ಹಿಂದಿನ ನರ ಹಗ್ಗದ ಹಾಗೆ ಬಿಗಿಯಿತು. ಮೂರನೇ ವಾರಕ್ಕೆ ಕೆಳಗೆ ಕೂತವಳು ಗೋಡೆ ಹಿಡಿಯದೆ ಏಳಲಾರದೆ ಹೋದಳು.

"ಸೀಟ್ ಇಳಿಸ್ಕೊಡಿ ಮಾಮಾ," ಅಂದಳು ಗಂಡನಿಗೆ. "ನಾಲ್ಕ್ ಬೆರಳು ಇಳಿದ್ರೂ ಸಾಕು."

"ಈ ಭಾನುವಾರ ನೋಡೋಣ ಪುಳ್ಳೆ."

ಅವನ ಜೀಪಿನ ಸೀಟಿನ ಕೆಳಗೆ ಸ್ಪ್ಯಾನರುಗಳ ಒಂದು ಚೀಲವೇ ಇತ್ತು. ಘಟ್ಟದ ತಿರುವಿನಲ್ಲಿ ಆಕ್ಸಲ್ ಮುರಿದರೂ ಅಲ್ಲೇ ಬಿಚ್ಚಿ ಜೋಡಿಸುವ ಆಳು ಎಂದು ಸ್ಟ್ಯಾಂಡಿನಲ್ಲಿ ಅವನಿಗೆ ಹೆಸರು. ಭಾನುವಾರ ಜೀಪಿನ ಅಡಿಯಲ್ಲಿ ಮಲಗಿ ದಿನ ಕಳೆದ. ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಕಿವಿ ಚುಚ್ಚುವ ಶಾಸ್ತ್ರವಿತ್ತು. ಅದರ ಮುಂದಿನ ಭಾನುವಾರ ಅವಳೇ ನೆನಪು ಮಾಡಿದಾಗ, "ದಿನಾ ಓಡಿಸ್ತಾ ಇದೀಯಲ್ಲ? ಪಳಗೋಯ್ತು ನಿಂಗೆ," ಎಂದು ಮೆಚ್ಚಿಕೆಯಿಂದಲೇ ಹೇಳಿದ.

ಊರಿನ ಸೈಕಲ್ ಶಾಪಿನ ಅಯ್ಯನಾರ್ ಬೋಲ್ಟನ್ನು ಒಂದು ಸಲ ತಿರುಗಿಸಿ ನೋಡಿ ತಲೆಯಾಡಿಸಿದ. "ಇದಕ್ಕೆ ಬೆಂಕಿ ಹಿಡಿದು ಬಡಿಯಬೇಕಕ್ಕಾ. ಒಂದು ದಿನ ಬಿಟ್ಟು ಹೋಗಿ." ಒಂದು ದಿನ ಸೈಕಲ್ ಬಿಟ್ಟರೆ ಒಂದು ದಿನ ಕಾಯಿ ಇಲ್ಲ, ಆ ತಿಂಗಳು ಆಗಲೇ ಒಮ್ಮೆ, ಹಸುವಿಗೆ ಹೊಟ್ಟೆ ಉಬ್ಬರಿಸಿದ ದಿನ, ತಪ್ಪಿಹೋಗಿತ್ತು. ಅವನ ಅಂಗಡಿಗೆ ಭಾನುವಾರ ರಜ. ಶನಿವಾರ ಸಾಯಂಕಾಲ ಬಿಟ್ಟು ಸೋಮವಾರ ಬೆಳಿಗ್ಗೆ ತೆಗೆದುಕೊಳ್ಳುತ್ತೇನೆ ಎಂದರೆ ಅವನು ಕದ ತೆರೆಯುವುದೇ ಒಂಬತ್ತಕ್ಕೆ. ಈ ನಡುವೆ ವಿಷಯ ಕಿವಿಗೆ ಬಿದ್ದು ಕೊಡೈಕಾನಲಿನಿಂದ ರಾಜ್‌ಕುಮಾರ್ ಫೋನ್ ಮಾಡಿದ: "ಅತ್ತಿಗೇ, ಬೆಂಕಿಗಿಂಕಿ ಹಿಡಿದು ಸೀಟ್ ಹಾಳ್ ಮಾಡ್ಬೇಡಿ. ಆ ಹೈಟು ನಾನೇ ನೋಡಿ ಸೆಟ್ ಮಾಡಿದ್ದು. ಊರಿಗೆ ಬಂದ್ರೆ ನಂಗೆ ಬೇಕಾಗುತ್ತೆ." ಅವನು ಊರಿಗೆ ಬರುತ್ತಿದ್ದುದು ವರ್ಷಕ್ಕೆ ಎರಡು ಸಲ. ಬಂದಾಗ ತಾಯಿಗೆ ತೈಲದ ಬಾಟಲಿ ತರುತ್ತಿದ್ದ, ಓಡಾಡಲು ಅಣ್ಣನ ಬೈಕು ತೆಗೆದುಕೊಳ್ಳುತ್ತಿದ್ದ.

ಇಷ್ಟರಲ್ಲಿ ಮನೆ ಆ ಸೈಕಲ್ಲಿಗೆ ಬೇರೆ ಉಪಯೋಗಗಳನ್ನು ಕಂಡುಹಿಡಿದಿತ್ತು. ಹೇಗೂ ಪೇಟೆಗೆ ಹೋಗುತ್ತೀಯ ಎಂದು ಮಾತ್ರೆಯ ಚೀಟಿ ಕೈಗೆ ಬಂತು. ಹೇಗೂ ಸೈಕಲ್ ಇದೆ ಎಂದು ಹಿಟ್ಟಿನ ಗಿರಣಿಯ ಡಬ್ಬ ಹಿಂದೆ ಏರಿತು. ಸಾಯಂಕಾಲ ಹಸುವಿನ ಹಿಂಡಿ ಮೂಟೆ, ಒಮ್ಮೆ ಜೀಪಿನ ಬ್ಯಾಟರಿಯೂ. ತಂಗರಾಜ್ ಒಂದು ದಿನ ಸಂತೋಷದಿಂದ ಹೊಸ ಕ್ಯಾರಿಯರ್ ತಂದು, ಅದೇ ಸ್ಪ್ಯಾನರುಗಳಿಂದ, ಅರ್ಧ ಗಂಟೆ ಕೂತು ಹಿಂದೆ ಜೋಡಿಸಿದ. "ಇನ್ನ ನಿಂಗೆ ಸುಲಭ," ಎಂದ. ಅವನು ಬಗ್ಗಿ ಬಿಗಿಯುತ್ತಿದ್ದ ಬೋಲ್ಟಿಗೂ ಸೀಟಿನ ಬೋಲ್ಟಿಗೂ ನಡುವೆ ಒಂದು ಗೇಣು. ತೇನ್‌ಮೊಳಿ ಹಿಂದೆ ನಿಂತು ಆ ಗೇಣನ್ನು ನೋಡಿದಳು. ಬಾಯಿ ತೆರೆಯಬೇಕೆನ್ನುವಾಗ ಅತ್ತೆ ಒಳಗಿನಿಂದ ನೀರು ಕೇಳಿದಳು. ಅವಳು ನೀರು ಕೊಟ್ಟು ಬರುವಷ್ಟರಲ್ಲಿ ಚೀಲ ಮತ್ತೆ ಜೀಪಿನೊಳಗೆ ಹೋಗಿತ್ತು.

ವಾಪಸಿನ ಏರುದಾರಿ ಈಗ ಒಂದು ಗಂಟೆಯಾಗುತ್ತಿತ್ತು. ಭಾರ ಹೊತ್ತು ತುಳಿಯಲಾಗದೆ ಬಹುಪಾಲು ನೂಕಿಕೊಂಡೇ ಬರುತ್ತಿದ್ದಳು. ಗೋಡೌನಿನಲ್ಲಿ ಕೂತಿದ್ದರೂ ಈಗ ಕೂತ ಸುಖವಿರಲಿಲ್ಲ. ಮಡಚಿದ ಕಾಲು ಬಿಚ್ಚುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು.

"ಏನಾದ್ರೂ ಹಚ್ಕೋಡೀ, ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದ್ರೆ ಯಾರಿಗೆ ಗೊತ್ತಾಗುತ್ತೆ?" ಅಂದಳು ಪೇಚ್ಚಿಯಮ್ಮಾಳ್, ಪಿಸುಮಾತಿನಲ್ಲಿ.

"ಕಾಯಿಗೆ ಗೊತ್ತಾಗುತ್ತಕ್ಕಾ."

ಎಷ್ಟು ನೋವಿದ್ದರೂ ಅವಳು ಏನೂ ಹಚ್ಚಲಿಲ್ಲ. ಬಿಸಿನೀರಿನ ಬಟ್ಟೆ ಒತ್ತಿಕೊಂಡಳು, ಹುರಿದ ಉಪ್ಪಿನ ಗಂಟು ಇಟ್ಟುಕೊಂಡಳು. ಇನ್ನೊಂದು ತಿಂಗಳು ತಡೆದರೆ ಕಾಲು ತಾನೇ ಉದ್ದವಾಗುತ್ತದೇನೋ ಎಂದು ತನ್ನನ್ನೇ ಹಾಸ್ಯ ಮಾಡಿಕೊಂಡಳು.

ಎರಡನೇ ತಿಂಗಳ ಒಂದು ಗುರುವಾರ. ಗಂಡನನ್ನು ಕಳಿಸಿ, ಹಾಲು ನೀರಿನ ಕೆಲಸ ಮುಗಿಸಿ, ಸಣ್ಣ ಈರುಳ್ಳಿ ಬಿಡಿಸಲು ನಡುಮನೆಯ ಕಂಬಕ್ಕೆ ಒರಗಿ ಕೂತವಳಿಗೆ ಹಾಗೆಯೇ ಕಣ್ಣು ಎಳೆಯಿತು. ಎಷ್ಟು ಹೊತ್ತೋ ತಿಳಿಯದು. ಎಚ್ಚರವಾದಾಗ ಮೊಣಕಾಲ ಹಿಂದೆ ಏನೋ ಬೆಚ್ಚಗೆ ಇಳಿಯುತ್ತಿತ್ತು. ಕಣ್ಣು ತೆರೆದರೆ ಅತ್ತೆ. ಮುರಿದ ಸೊಂಟ ಹೊತ್ತು, ಕೋಲು ಪಕ್ಕಕ್ಕಿಟ್ಟು, ಹೇಗೋ ನೆಲಕ್ಕೆ ಇಳಿದು ಕೂತಿದ್ದಳು. ಸೊಸೆಯ ಕಾಲನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಎರಡು ಹೆಬ್ಬೆರಳಿನಿಂದ ನರವನ್ನು ಮೇಲಿಂದ ಕೆಳಕ್ಕೆ ತೀಡುತ್ತಿದ್ದಳು. ಪಕ್ಕದಲ್ಲಿ ಮುಚ್ಚಳ ತೆರೆದ ತೈಲದ ಬಾಟಲಿ.

ಅವರ ಕಡೆ ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ. ಸೊಸೆಯ ಕಾಲನ್ನು ಅತ್ತೆ ಮುಟ್ಟುವುದನ್ನು ಯಾರೂ ಕಂಡಿಲ್ಲ, ಕೇಳಿಲ್ಲ.

"ಅತ್ತೇ! ಏನ್ ಮಾಡ್ತಿದೀರಿ? ಬಿಡಿ, ಪಾಪ ಬರುತ್ತೆ—"

"ಸುಮ್ನಿರು. ನಾಯಿ ಕುಂಟಿದಂಗೆ ಕುಂಟ್ತಿದೀಯ. ನಂಗೇನ್ ಕಣ್ಣಿಲ್ವಾ? ನಾಲ್ಕ್ ವರ್ಷ ನೀನ್ ತಿಕ್ಕಿದೆ. ನಿನ್ ಕಾಲ ಯಾರ್ ತಿಕ್ತಾರೆ?"

ತೈಲದ ವಾಸನೆ ಮೂಗಿಗೆ ತಾಗಿದ ಕ್ಷಣವೇ ತೇನ್‌ಮೊಳಿಗೆ ಎಲ್ಲ ಗೊತ್ತಾಯಿತು. ಕಾಲು ಎಳೆದುಕೊಳ್ಳಬಹುದಿತ್ತು. ಆಗಲೇ ಎಳೆದುಕೊಂಡಿದ್ದರೆ ಒಂದು ಅಂಗೈಯಷ್ಟು ಜಾಗ, ತೊಳೆದರೆ ಹೋಗುತ್ತಿತ್ತೇನೋ. ಅವಳು ಎಳೆದುಕೊಳ್ಳಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳ ನೋವಿನ ಮೇಲೆ ಒಂದು ಕೈ ಬಿದ್ದಿರಲಿಲ್ಲ. ಹೆರಿಗೆಯಾದಾಗ ತಿಕ್ಕಿದ್ದು ಅವಳ ತಾಯಿ. ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ಎರಡು ನಿಮಿಷ, ಎರಡೇ ನಿಮಿಷ ಎಂದುಕೊಂಡು ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮುದುಕಿಯ ಹೆಬ್ಬೆರಳು ನರದ ಗಂಟನ್ನು ಹುಡುಕಿ, ಒತ್ತಿ, ಬಿಡಿಸಿ, ಮತ್ತೆ ಒತ್ತಿತು. ಆ ಕೈಗೆ ಕೆಲಸ ಗೊತ್ತಿತ್ತು.

ಆಮೇಲೆ ಬಚ್ಚಲಿಗೆ ಓಡಿದಳು. ಸೀಗೆಪುಡಿ, ಹುಣಸೆಹಣ್ಣು, ಮಜ್ಜಿಗೆ, ಒಲೆಯ ಬೂದಿ. ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ಸೀರೆ, ಲಂಗ, ಪ್ಯಾಂಟು ಎಲ್ಲ ಬದಲಿಸಿದಳು. ಬಗ್ಗಿ ಮೊಣಕಾಲನ್ನು ಮೂಸಿದಳು. ವಾಸನೆ ಇರಲಿಲ್ಲ. ಅಥವಾ ನಾಲ್ಕು ವರ್ಷ ಆ ತೈಲದ ಗಾಳಿ ಕುಡಿದ ಮೂಗಿಗೆ ಅದು ತಿಳಿಯಲಿಲ್ಲ.

ಇವತ್ತು ಹೋಗದಿದ್ದರೆ? ಅದು ಎರಡನೇ ತಪ್ಪಾಗುತ್ತದೆ. ಆಮೇಲೆ ತಿಂಗಳು ಮುಗಿಯುವವರೆಗೆ ಇನ್ನೊಂದು ದಿನ ತಪ್ಪಿದರೂ ಜಾಗ ಹೋಯಿತು. ಸೈಕಲ್ ತೆಗೆದಳು.

ಅಷ್ಟು ದಿನದಲ್ಲಿ ಅಂದಿನ ಸವಾರಿಯಂಥದು ಇರಲಿಲ್ಲ. ಕಾಲು ಹಗುರ. ಸೊಂಟ ವಾಲಿದರೂ ನರ ಎಳೆಯಲಿಲ್ಲ. ಗುಡಿಯ ಇಳಿಜಾರಿನಲ್ಲಿ ಪೆಡಲು ಬಿಟ್ಟು ಎರಡೂ ಕಾಲು ತೂಗಿಸಿಕೊಂಡು ಇಳಿದಳು. ಬೆಟ್ಟದ ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನು ಉಬ್ಬಿಸಿತು. ಎದುರು ಬಂದ ಜೀಪೊಂದರಿಂದ ಯಾರೋ ಶಿಳ್ಳೆ ಹಾಕಿದರು. ಎಂಟಕ್ಕೆ ಎರಡೇ ನಿಮಿಷವಿರುವಾಗ ಜಗುಲಿಯ ಮೇಲೆ ಕಾಲಿಟ್ಟಾಗ ಕುತ್ತಿಗೆಯಿಂದ ಪಾದದವರೆಗೆ ಬೆವರು ಇಳಿಯುತ್ತಿತ್ತು.

ಗೋಡೌನಿನಲ್ಲಿ ಫ್ಯಾನು ಹಾಕುವುದಿಲ್ಲ, ಹೊಟ್ಟು ಹಾರುತ್ತದೆ. ಅಂದು ಹನ್ನೆರಡು ಮಂದಿಗೂ ಬಂದದ್ದು ಒಂದೇ ತೋಟದ ಕಾಯಿ: ದಪ್ಪ, ಹಸಿರು, ಹರಾಜಿನಲ್ಲಿ ಮೊದಲು ಎತ್ತುವಂಥದು. ತೇನ್‌ಮೊಳಿ ಮೊರವನ್ನು ಮಡಿಲಿಗೆ ಎಳೆದುಕೊಂಡಳು. ಬೆರಳು ತಾನೇ ಓಡಿತು. ಒಂಬತ್ತೂವರೆಗೆ ಮೊದಲ ಪಾಲು ಆಯ್ದು ಎಲ್ಲರ ಕಾಯಿಯ ಜೊತೆ ಗೋಣಿಗೆ ಸುರಿದಳು. ಎರಡನೇ ಪಾಲು ಮೊರಕ್ಕೆ ಬಂದಾಗ ಬೆಚ್ಚಗಾದ ಮೈಯಿಂದ ತೈಲದ ಒಂದು ತೆಳು ಎಳೆ ಮೇಲೆದ್ದು ಮೂಗಿಗೆ ಮುಟ್ಟಿತು. ಅವಳು ಮೊರವನ್ನು ಮೆಲ್ಲಗೆ ಮಡಿಲಿನಿಂದ ಇಳಿಸಿ ನೆಲದ ಮೇಲೆ, ದೂರ ಇಟ್ಟಳು.

ಪಕ್ಕದಲ್ಲಿದ್ದ ಪೇಚ್ಚಿಯಮ್ಮಾಳ್ ತಲೆ ಎತ್ತಿದಳು. ಮೂಸಿದಳು. ಮತ್ತೆ ತನ್ನ ಮೊರಕ್ಕೆ ಬಗ್ಗಿದಳು.

ಹತ್ತು ಗಂಟೆಗೆ ಗೋವಿಂದನ್ ಗೋಣಿಯಿಂದ ಒಂದು ಹಿಡಿ ಎತ್ತಿ, ಉಜ್ಜಿ, ಮೂಗಿನ ಹತ್ತಿರ ಒಯ್ದ. ಒಂದು ಕಾಯಿ ಕಚ್ಚಿದ. ಉಗಿದ. ಇನ್ನೊಂದು ಕಚ್ಚಿದ.

"ಯಾರು?"

ಹನ್ನೆರಡು ಜೊತೆ ಕೈ ನಿಂತವು.

"ಯಾರು ಬಾಮ್ ಹಚ್ಕೊಂಡು ಬಂದಿರೋದು?"

"ತೋಟದಿಂದಲೇ ಹಂಗೆ ಬಂದಿರುತ್ತೆ ಅಣ್ಣೇ," ಅಂದಳು ಪೇಚ್ಚಿಯಮ್ಮಾಳ್. "ಅಲ್ಲಿ ಲಾರಿಯಲ್ಲಿ ಏನೇನ್ ತುಂಬ್ತಾರೋ ಯಾರಿಗೆ ಗೊತ್ತು."

"ಬೆಳಿಗ್ಗೆ ಮೂಟೆ ಬಿಚ್ಚಿ ಕಚ್ಚಿ ನೋಡಿದವನು ನಾನು. ನನಗೆ ಕಥೆ ಹೇಳ್ತೀಯಾ?" ಅವನು ಕೂಗಲಿಲ್ಲ. ದನಿ ಇನ್ನೂ ತಗ್ಗಿತ್ತು. "ಹೇಳದಿದ್ರೆ ಇಡೀ ಸಾಲನ್ನ ಎಬ್ಬಿಸ್ತಾರೆ. ನನಗೆ ಬೇರೆ ದಾರಿ ಇಲ್ಲ. ಮೊದಲಾಳಿ ಇನ್ನೊಂದು ಮಿಷಿನ್ನಿಗೆ ಕಾರಣ ಹುಡುಕ್ತಾ ಇದ್ದಾರೆ, ಗೊತ್ತಲ್ಲ?"

ತೇನ್‌ಮೊಳಿ ಗೋಡೆ ಹಿಡಿಯದೆ ಎದ್ದಳು. ಕಾಲು ಅಂದು ಅಷ್ಟು ಚೆನ್ನಾಗಿತ್ತು.

"ನಾನೇ ಅಣ್ಣೇ."

ಗೋವಿಂದನ್ ಅವಳನ್ನು ನೋಡಿದ. ಅವಳೆಂದು ಅವನು ಅಂದುಕೊಂಡಿರಲಿಲ್ಲ. "ನೀನಾ? ಹೊಸಬಳಾಗಿದ್ರೆ ಗೊತ್ತಿರಲಿಲ್ಲ ಅಂತಾದ್ರೂ ಹೇಳಬಹುದಿತ್ತು. ನಿನ್ನ ವಿಷಯದಲ್ಲಿ ನಾನು ಏನಂತ ಹೇಳಲಿ?"

"ಏನೂ ಹೇಳ್ಬೇಡಿ ಅಣ್ಣೇ. ಕಾಲು ನೋವಿತ್ತು."

"ನೋವಿದ್ರೆ ರಜ ಹಾಕಬೇಕಮ್ಮಾ."

ಸಾಲಿನಲ್ಲಿ ಯಾರೋ ಒಬ್ಬಳು ಹ್ಞೂಂ ಎಂದು ಮೂಗಿನಲ್ಲೇ ನಕ್ಕಳು. ಮಿಕ್ಕವರು ಮೊರ ನೋಡುತ್ತಾ ಕೂತರು. ತೇನ್‌ಮೊಳಿ ತನ್ನ ಬುತ್ತಿ ಡಬ್ಬಿ ಎತ್ತಿಕೊಂಡಳು. ಅವಳು ಬಾಗಿಲು ದಾಟುವಷ್ಟರಲ್ಲೇ ಗೋವಿಂದನ್ ಪೇಚ್ಚಿಯಮ್ಮಾಳ್‌ಗೆ ಜರುಗಲು ಹೇಳಿದ್ದು ಕೇಳಿಸಿತು. ಜಾಗ ಮುಚ್ಚಿತು. ಹನ್ನೊಂದರ ಚಹಾ ಇನ್ನೂ ಬಂದಿರಲಿಲ್ಲ.

ದಾರಿಯುದ್ದಕ್ಕೂ ಸೈಕಲ್ ನೂಕಿಕೊಂಡು ಬಂದಳು. ತುಳಿಯಬಹುದಿತ್ತು, ಭಾರ ಏನೂ ಇರಲಿಲ್ಲ. ಆದರೆ ಮನೆಯನ್ನು ಬೇಗ ತಲುಪಲು ಅವಳಿಗೆ ಯಾವ ಕಾರಣವೂ ಕಾಣಲಿಲ್ಲ.

ವೆಳ್ಳೈಯಮ್ಮಾಳ್ ಜಗುಲಿಯಲ್ಲಿ ಬಿಸಿಲು ಕಾಯುತ್ತಿದ್ದಳು. "ಏನ್ ಇಷ್ಟ್ ಬಿರ್ನೆ ಬಂದ್ಬುಟ್ಟೆ? ಮೈ ಸರಿ ಇಲ್ವಾ?"

ನಿಜ ಬಾಯಿಯವರೆಗೆ ಬಂತು. ಅತ್ತೆಯ ಕೈಗಳು ಮಡಿಲಲ್ಲಿದ್ದವು. ಹೆಬ್ಬೆರಳ ಗೆಣ್ಣುಗಳು ಊದಿ ಕೆಂಪಾಗಿದ್ದವು. ಬೆಳಿಗ್ಗೆ ಅಷ್ಟು ಬಲ ಹಾಕಿದ್ದಕ್ಕೆ.

"ಹೊಸ ಮಿಷಿನ್ ಬಂತು ಅತ್ತೆ. ನಮ್ಮನ್ನ ಬೇಡ ಅಂದ್ರು."

"ಅಯ್ಯೋ, ಹಾಳಾದ್ ಮಿಷಿನ್!" ಮುದುಕಿ ನಿಜವಾಗಿಯೂ ನೊಂದುಕೊಂಡಳು. ಆಮೇಲೆ ಕೇಳಿದಳು, "ಕಾಲ್ ಎಂಗದೆ?"

"ವಾಸಿ ಅತ್ತೆ."

"ನಾನ್ ಹೇಳ್ಲಿಲ್ವಾ?"

ಸಾಯಂಕಾಲ ತಂಗರಾಜ್ ಬಂದು ಕೇಳಿ, "ಓಗ್ಲಿ ಬಿಡು, ಒಳ್ಳೇದೇ ಆಯ್ತು, ಕಾಲು ಸವೆಸ್ಕೊಂಡು ಏನ್ ಸಾಧಿಸ್ಬೇಕಿತ್ತು," ಎಂದು ಸಮಾಧಾನ ಹೇಳಿದ. ಎರಡು ದಿನ ಕಳೆದು ಅವನ ಅಕ್ಕ ಬಂದು, ಹೇಗೂ ಮನೆಯಲ್ಲೇ ಇರುತ್ತೀಯಲ್ಲ ಎಂದು ಮೊಮ್ಮಗುವನ್ನು ಹಗಲು ಹೊತ್ತು ಬಿಟ್ಟುಹೋಗುವ ಏರ್ಪಾಡು ಮಾಡಿದಳು. ಮೂರನೇ ಹಸು ಕಟ್ಟುವ ಮಾತು ನಡೆಯಿತು. ವಾರ ತುಂಬುವುದರೊಳಗೆ ಬೆಳಿಗ್ಗೆ ಎಂಟರಿಂದ ಸಾಯಂಕಾಲ ಐದರವರೆಗಿನ ಹೊತ್ತೆಲ್ಲ ಯಾರ್ಯಾರ ಪಾಲಿಗೋ ಹೋಯಿತು. ಹುಡುಕಿದರೂ ಅರ್ಧ ಗಂಟೆ ಸಿಗುತ್ತಿರಲಿಲ್ಲ.

ಬದಲಾದದ್ದು ಒಂದೇ. ಬೆಳಗಿನ ಜಾವ ಗಂಡನ ಜೀಪಿನ ಸದ್ದು ತಿರುವಿನಲ್ಲಿ ಅಡಗಿದ ಕೂಡಲೇ ವೆಳ್ಳೈಯಮ್ಮಾಳ್ ಕೋಲು ಊರಿಕೊಂಡು ನಡುಮನೆಗೆ ಬರುತ್ತಿದ್ದಳು. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಅವಳಿಗೆ ತಾನು ಮಾಡಬಲ್ಲ ಒಂದು ಕೆಲಸ ಸಿಕ್ಕಿತ್ತು. ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡಿದ್ದಳು: "ಡಾಕ್ಟ್ರು ಗೀಕ್ಟ್ರು ಏನೂ ಬೇಡ. ನನ್ ಸೊಸೆ ಕಾಲ ನಾನೇ ಸರಿ ಮಾಡಿದ್ದು."

"ಬಾ, ಕೂತ್ಕೋ. ಚಾಚು."

ಬೇಡ ಎನ್ನಲು ಈಗ ತೇನ್‌ಮೊಳಿಯ ಹತ್ತಿರ ಕಾರಣವಿರಲಿಲ್ಲ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಯಾವುದರ ವಾಸನೆ ಎಲ್ಲಿ ಹಿಡಿದರೂ ಯಾರೂ ಕೇಳುವವರಿರಲಿಲ್ಲ. ಅವಳು ಕೂತು ಸೀರೆಯನ್ನು ಮೊಣಕಾಲವರೆಗೆ ಎತ್ತಿದಳು. ಬಾಟಲಿಯ ಮುಚ್ಚಳ ತೆರೆದುಕೊಂಡಿತು.

"ಇಲ್ಲೇನಾ ನೋವು?"

"ಇನ್ನೂ ಕೆಳಗೆ ಅತ್ತೆ."

"ಇಲ್ಲೇನಾ?"

"ಹ್ಞೂಂ."

"ಆ ಕಾಲೂ ಕೊಡು," ಅಂದಳು ಮುದುಕಿ. ತೇನ್‌ಮೊಳಿ ಆ ಕಾಲನ್ನೂ ಕೊಟ್ಟಳು.